ತುಟಿ ಆಡಿಸುವವರ ಸಾಲು

ಕೊಟ್ರಬಸಮ್ಮ ಟೀಚರಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಸೀಮೆಸುಣ್ಣ ಮುರಿದರೂ ಬರುತ್ತಿತ್ತು, ಕೂಡ್ಲಿಗಿ ಬಸ್ಸು ಕೈ ತೋರಿಸಿದರೂ ನಿಲ್ಲದೆ ಹೋದರೂ ಬರುತ್ತಿತ್ತು, ಬಂದಷ್ಟೇ ಬೇಗ ಇಳಿದೂ ಹೋಗುತ್ತಿತ್ತು. ಆದರೆ ತೊಂಬತ್ತೆಂಟನೇ ಇಸವಿಯ ಅಕ್ಟೋಬರಿನ ಆ ಬೆಳಿಗ್ಗೆ ಬಂದ ಸಿಟ್ಟು ಇಳಿಯುವ ಪೈಕಿಯದಲ್ಲ. ನಾಲ್ಕನೇ ಕ್ಲಾಸಿನ ಹಾಜರಿ ಕೂಗುತ್ತಿದ್ದಳು. ಅಸ್ಮಾ ಎಂದಳು. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದಳು, ಆಗಲೂ ಇಲ್ಲ. ಬಂದಿಲ್ಲವೆಂದು ಗುರುತು ಹಾಕಿ ತಲೆ ಎತ್ತಿದರೆ ಹುಡುಗಿ ಗೋಡೆ ಪಕ್ಕ ತನ್ನ ಜಾಗದಲ್ಲೇ ಕೂತಿದ್ದಾಳೆ! ಎರಡು ಜಡೆ ಹಾಕಿಕೊಂಡು, ಟೀಚರನ್ನೇ ನೋಡುತ್ತಾ, ತುಟಿ ಆಡಿಸುತ್ತಿದ್ದಾಳೆ. ದನಿ ಮಾತ್ರ ಇಲ್ಲ.

ಗಂಟಲು ನೋವೇನೇ ಎಂದು ಕೇಳಿದಳು. ಅಸ್ಮಾ ಇಲ್ಲವೆಂದು ತಲೆ ಆಡಿಸಿದಳು. ಹಾಗಾದರೆ ಯಾಕೆ ಹೀಗೆ ಎಂದು ಕೇಳಿದರೆ ಪಕ್ಕದಲ್ಲಿದ್ದ ಗೀತಾಂಜಲಿಯೇ ಉತ್ತರ ಕೊಟ್ಟಳು. "ಹೆಡ್‌ಮಾಸ್ಟ್ರು ಹೇಳ್ಯಾರಲ್ರಿ ಟೀಚರ್, ಆಕಿ ಬರೇ ತುಟಿ ಆಡಸ್ಬೇಕು ಅಂತ."

ಕೊಟ್ರಬಸಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಹೆಡ್‌ಮಾಸ್ಟರ್ ಹಾಲಸ್ವಾಮಿ ಹಾಗೆ ಹೇಳಿದ್ದು ಹಾಜರಿಗಲ್ಲ, ಹಾಡಿಗೆ. ಗುಡೇಕೋಟೆ ದಾರಿಯಲ್ಲಿರುವ ಬೇವಿನಹಟ್ಟಿಯ ಆ ಶಾಲೆ ಇಬ್ಬರೇ ಮೇಷ್ಟ್ರುಗಳದು, ನಾಲ್ಕೇ ಕ್ಲಾಸಿನದು. ಪ್ರತಿ ವರ್ಷ ನವೆಂಬರಿನಲ್ಲಿ ಕೂಡ್ಲಿಗಿಯಲ್ಲಿ ಕಲಾಭಿಮಾನಿಗಳ ಒಂದು ಸಂಘ ಚಿಕ್ಕ ಮಕ್ಕಳಿಗೆ ಸಾಮೂಹಿಕ ಗಾಯನದ ಸ್ಪರ್ಧೆ ಇಡುತ್ತಿತ್ತು. ಸಾಮೂಹಿಕ ಅಂತ ಹೆಸರು, ಅಷ್ಟೇ. ದನಿ ಚೆಂದವಿರುವ ನಾಲ್ಕೈದು ಮಕ್ಕಳು ಮೈಕಿನ ಮುಂದೆ ನಿಂತು ಹಾಡುವುದು, ತಂಡ ತುಂಬಿ ಕಾಣಲಿ ಎಂದು ಉಳಿದವರನ್ನು ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಹಿಂದೆ ನಿಲ್ಲಿಸುವುದು. ಹಿಂದಿನವರು ಬರೀ ತುಟಿ ಆಡಿಸಬೇಕು. ಇದನ್ನು ಯಾವ ಶಾಲೆಯವರೂ ಮೋಸ ಅಂದುಕೊಂಡಿರಲಿಲ್ಲ. ತಲೆ ಬಾಚಿಕೊಂಡು ಹೋಗುವಷ್ಟೇ ಸಹಜ ಅಂದುಕೊಂಡಿದ್ದರು.

ಕೊಟ್ರಬಸಮ್ಮನೂ ಆ ಸಾಲಿನವಳೇ. ತುಂಗಭದ್ರೆಯ ದಂಡೆಯ ಹಲವಾಗಲಿನಲ್ಲಿ ಓದುವಾಗ ಅವಳನ್ನೂ ಹಿಂದೆ ನಿಲ್ಲಿಸಿದ್ದರು, ಒಂದು ವರ್ಷವಲ್ಲ, ಶಾಲೆ ಬಿಡುವತನಕ. ಈಗ ಅವಳಿಗೆ ನಲವತ್ತು ದಾಟಿದೆ. ಜಗಳಕ್ಕೆ ಆ ಗಂಟಲು ಎಂದೂ ಕೈ ಕೊಟ್ಟಿಲ್ಲ. ಆದರೆ ನಾಲ್ಕು ಜನರ ಮುಂದೆ ಎದ್ದು ನಿಂತು ಮಾತಾಡು ಎಂದರೆ, ಮದುವೆ ಮನೆಯಲ್ಲಿ ಆರತಿಗೊಂದು ಹಾಡು ಹೇಳು ಎಂದರೆ, ಯಾರೋ ಕತ್ತು ಹಿಸುಕಿದ ಹಾಗಾಗಿ ದನಿ ಒಳಗೇ ಕೂರುತ್ತದೆ. ಇದು ಗಂಡನಿಗೂ ಗೊತ್ತಿಲ್ಲ. ಈಗ ಈ ಹುಡುಗಿ ಹಾಜರಿಗೂ ದನಿ ಬಿಡುವುದಿಲ್ಲ ಎಂದರೆ, ಇನ್ನು ಹತ್ತು ವರ್ಷಕ್ಕೆ ಏನಾಗುತ್ತಾಳೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅಸ್ಮಾಳ ದನಿ ಒಡಕು, ಅದು ನಿಜ. ಹುಟ್ಟಿದಾಗಿನಿಂದಲೂ ಹಾಗೆಯೇ. ಗಂಟಲಲ್ಲಿ ಒಂದು ಹಿಡಿ ಮರಳು ಸಿಕ್ಕಿಕೊಂಡಂಥ ದನಿ. ಪ್ರಾರ್ಥನೆಯಲ್ಲಿ ಎಲ್ಲರ ದನಿ ಒಂದು ಕಡೆ ಹೋದರೆ ಅವಳದು ಇನ್ನೊಂದು ಕಡೆ ಹೋಗುತ್ತಿತ್ತು. ಹೋದರೆ ಹೋಗಲಿ, ಅದರಿಂದ ಯಾರ ಗಂಟು ಹೋಗುತ್ತಿತ್ತು?

ಮಧ್ಯಾಹ್ನ ಹೆಡ್‌ಮಾಸ್ಟರ ಕೋಣೆಗೆ ಹೋಗಿ ಕೇಳಿಯೇಬಿಟ್ಟಳು. ಹಾಲಸ್ವಾಮಿ ಕೆಟ್ಟ ಮನುಷ್ಯನಲ್ಲ. ಶಾಲೆಗೆ ನೀರಿನ ಟ್ಯಾಂಕು ತರಿಸಲು ಚಪ್ಪಲಿ ಸವೆಸಿದವನು. ಒಮ್ಮೆ ಆ ಸ್ಪರ್ಧೆಯ ಷೀಲ್ಡು ಬಂದು ಮೇಜಿನ ಮೇಲೆ ಕೂತರೆ ಸಾಕು, ಈ ಶಾಲೆ ಎಂಬುದೊಂದಿದೆ ಎಂದು ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಎನ್ನುವುದು ಅವನ ಆಸೆ. ಮಕ್ಕಳು ಅಂಥದ್ದನ್ನೆಲ್ಲ ಮರೆತುಬಿಡುತ್ತಾರೆ, ನೀವು ತಲೆಗೆ ಹಚ್ಚಿಕೊಳ್ಳಬೇಡಿ ಎಂದು ಸಮಾಧಾನ ಹೇಳಿದ. ಮರೆಯುವುದಿಲ್ಲ ಎಂದು ಇವಳು ಕಡ್ಡಿ ಮುರಿದಂತೆ ಹೇಳಿದಳು. ಈ ವರ್ಷ ಹಾಡು ತಾನೇ ಆರಿಸುವುದಾಗಿಯೂ, ಹಿಂದಿನ ಸಾಲು ಎಂಬುದೇ ಇರುವುದಿಲ್ಲವೆಂದೂ ಹೇಳಿದಳು. ಆರಿಸಿಕೊಳ್ಳಿ, ಷೀಲ್ಡು ಮಾತ್ರ ಬರಬೇಕು ಎಂದು ಅವನು ಕ್ಯಾಸೆಟ್ಟಿನ ಡಬ್ಬಿ ಮುಂದೆ ತಳ್ಳಿದ.

ಸಿಟ್ಟಿನಲ್ಲಿ ಹೇಳಿ ಬಂದದ್ದಾಯಿತು. ಆದರೆ ಎಲ್ಲ ಮಕ್ಕಳೂ ಹಾಡುವ ಹಾಡು ಎಲ್ಲಿದೆ? ವಾರವಿಡೀ ಟೇಪ್‌ರೆಕಾರ್ಡರ್ ಮುಂದೆ ಕೂತು ಕೇಳಿದ್ದೇ ಕೇಳಿದ್ದು. ಒಂದು ಹಾಡು ಶುರುವಾಗುವುದೇ ಗೀತಾಂಜಲಿಯೊಬ್ಬಳಿಗೆ ಎಟುಕುವ ಎತ್ತರದಲ್ಲಿ. ಇನ್ನೊಂದು ಹಿಂದಿಯದು, ಅರ್ಥ ಟೀಚರಿಗೇ ಗೊತ್ತಿರಲಿಲ್ಲ. ಮತ್ತೊಂದರಲ್ಲಿ ನಡುನಡುವೆ ಆಲಾಪ, ಅಲ್ಲಿ ಒಬ್ಬರು ಹಾಡಿ ಮಿಕ್ಕವರು ಬಾಯಿ ಬಿಟ್ಟುಕೊಂಡು ನಿಲ್ಲಬೇಕು. ಯಾವ ಹಾಡು ಹಾಕಿದರೂ ಅದೇ ಎದ್ದು ಬಂದು, ನೀನು ಬಾ, ನೀನು ಬೇಡ ಎಂದು ಮಕ್ಕಳನ್ನು ಆರಿಸುವ ಹಾಗೆ ಕಂಡಿತು. ಕೊನೆಗೆ ಕ್ಯಾಸೆಟ್ಟೇ ಬೇಡವೆಂದು ಕೋಲಾಟ ಕಲಿಸಿ ನೋಡಿದಳು. ಅಸ್ಮಾ ಎಲ್ಲರಿಗಿಂತ ಚೆನ್ನಾಗಿ ಕೋಲು ಹಾಕಿದಳು. ಕೈಗೆ ಕೆಲಸ ಸಿಕ್ಕಿತು, ಬಾಯಿ ಮಾತ್ರ ಮುಚ್ಚಿಯೇ ಇತ್ತು.

ಹೀಗೆ ತಲೆ ಕೆಟ್ಟು ಹೋದ ಒಂದು ಸಂಜೆ, ಶಾಲೆ ಬಿಟ್ಟು ಹೊಲಗಳ ನಡುವಿನ ದಾರಿಯಲ್ಲಿ ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದಳು. ಜೋಳದ ತೆನೆಯಲ್ಲಿ ಹಾಲುಗಾಳು ಕಟ್ಟಿತ್ತು. ಆ ಹೊತ್ತಿನಲ್ಲಿ ಗುಬ್ಬಿ, ಗಿಳಿಗಳ ಹಿಂಡಿಗೆ ಹಬ್ಬ, ಮಕ್ಕಳಿಗೆ ಕೆಲಸ. ಬೆಳಿಗ್ಗೆ ಶಾಲೆಗೆ ಮುಂಚೆ, ಸಂಜೆ ಶಾಲೆ ಬಿಟ್ಟಮೇಲೆ ಹೊಲದ ನಡುವಿನ ಅಟ್ಟಣಿಗೆ ಹತ್ತಿ ಹಕ್ಕಿ ಕಾಯಬೇಕು. ಕವಣೆ ಬೀಸಬೇಕು, ಡಬ್ಬಿ ಬಾರಿಸಬೇಕು, ಕೂಗಬೇಕು. ಕೊಟ್ರಬಸಮ್ಮ ಚಿಕ್ಕಂದಿನಲ್ಲಿ ತಾನೂ ಕಾದವಳು. ಕಿವಿಗೆ ಬಿದ್ದರೂ ಗಮನಕ್ಕೆ ಬಾರದಷ್ಟು ರೂಢಿಯಾದ ಸದ್ದು ಅದು. ಆದರೆ ಅಂದು ಗುಡ್ಡದ ಕಡೆಯಿಂದ ಒಂದು ಕೂಗು ಕೇಳಿ ಅವಳ ಕಾಲುಗಳು ತಾವಾಗಿ ನಿಂತವು. ಹೋ... ಎಂದು ನೆಲದೊಳಗಿಂದ ಎದ್ದಂತೆ ಬಂದ, ಒರಟಾದ, ಭಾರಿ ದೊಡ್ಡ ಕೂಗು. ಅಸ್ಮಾಳದು.

ಬದುವಿನ ಮೇಲೆ ನಿಂತು ನೋಡಿದಳು. ಊರ ಹತ್ತಿರದ ಹೊಲದಲ್ಲಿ ನಾಲ್ಕನೇ ಕ್ಲಾಸಿನ ಹಂಪೇಶ ಡಬ್ಬಿ ಬಡಿದು ಕೂಗುತ್ತಾನೆ. ಹಿಂಡು ಎದ್ದು ಪಕ್ಕದ ಹೊಲಕ್ಕೆ ಹೋಗುತ್ತದೆ. ಅಲ್ಲಿ ಗೀತಾಂಜಲಿ ಕೂಗುತ್ತಾಳೆ, ಅದರಾಚೆಯ ಹೊಲಕ್ಕೆ ಹೋಗುತ್ತದೆ. ಹೀಗೆ ಒಬ್ಬರು ಎಬ್ಬಿಸಿದ್ದು ಇನ್ನೊಬ್ಬರ ಪಾಲಿಗೆ ಬರುತ್ತಾ ಬರುತ್ತಾ ಕಡೆಗೆ ಗುಡ್ಡದ ಬುಡದ ಹೊಲಕ್ಕೆ ಬಂದು ಇಳಿಯುತ್ತದೆ. ಅದು ಅಸ್ಮಾಳ ತಾಯಿ ದಾವಲ್ ಬೀ ಪಾಲಿಗೆ ಮಾಡಿದ ಹೊಲ. ಅಲ್ಲಿ ಅಸ್ಮಾ ಕೂಗಿದರಷ್ಟೇ ಹಿಂಡು ಗುಡ್ಡ ಹತ್ತುವುದು. ಕೂಗದಿದ್ದರೆ ಅವಳ ತೆನೆ ತಿಂದು, ತಿರುಗಿ ಎಲ್ಲರ ಹೊಲಕ್ಕೂ ಬರುವುದು. ಇಲ್ಲಿ ತುಟಿ ಆಡಿಸಿ ತಪ್ಪಿಸಿಕೊಳ್ಳುವ ಹಾಗೇ ಇಲ್ಲವಲ್ಲ ಎಂದು ಕೊಟ್ರಬಸಮ್ಮನಿಗೆ ಹೊಳೆಯಿತು. ಹೊಳೆದದ್ದೇ, ಅಷ್ಟು ಹೊತ್ತಿಗೆ ಬಂದ ಬಸ್ಸನ್ನು ಹೋದರೆ ಹೋಗಲಿ ಎಂದು ಬಿಟ್ಟು ಸೀದಾ ಗುಡ್ಡದ ಬುಡಕ್ಕೆ ಹೋದಳು.

ಟೀಚರನ್ನು ಕಂಡದ್ದೇ ಅಸ್ಮಾಳ ಬಾಯಿ ಮುಚ್ಚಿತು. ಕಳೆ ಕೀಳುತ್ತಿದ್ದ ದಾವಲ್ ಬೀ ಸೊಂಟ ನೆಟ್ಟಗೆ ಮಾಡಿಕೊಂಡು ಎದ್ದಳು. "ಈ ಅಟ್ಟಣಿಗಿ ಮ್ಯಾಲ ಬಿಟ್ರ ಎಲ್ಲೂ ಬಾಯಿ ಬಿಡವಲ್ಲಳು ನೋಡ್ರಿ ಟೀಚರ್. ಮನ್ಯಾಗ ನೀರು ಬೇಕಂದ್ರೂ ಕೈ ತೋರಸ್ತಾಳ. ಏನಾತ್ರಿ ನನ್ನ ಮಗಳಿಗೆ?"

ಏನಾಯಿತೆಂದು ಕೊಟ್ರಬಸಮ್ಮ ಹೇಗೆ ಹೇಳಿಯಾಳು? ನಾಚಿಕೆಯಾಯಿತು. ಸರಿ ಮಾಡುತ್ತೇನೆ ಎಂದಷ್ಟೇ ಹೇಳಿ ಬಂದಳು.

ಮರುದಿನ ಕ್ಯಾಸೆಟ್ಟಿನ ಡಬ್ಬಿಯನ್ನು ಹೆಡ್‌ಮಾಸ್ಟರ ಮೇಜಿಗೆ ವಾಪಸು ಇಟ್ಟಳು. ಮಕ್ಕಳನ್ನು ಅಂಗಳದಲ್ಲಿ ದೂರದೂರ ನಿಲ್ಲಿಸಿ, ಯಾರ ಹೊಲ ಎಲ್ಲಿದೆಯೋ ಹಾಗೆ ಜಾಗ ಕೊಟ್ಟಳು. ಒಂದನೇ ಕ್ಲಾಸಿನ ಚಿಳ್ಳೆಪಿಳ್ಳೆಗಳು ಹಕ್ಕಿಗಳು, ನಾಲಿಗೆಯಲ್ಲಿ ಚಿಟಿಚಿಟಿ ಮಾಡಬೇಕು. ಎರಡನೆಯವರು ಗಾಳಿ, ತುಟಿ ಮುಚ್ಚಿ ಸುಂಯ್ ಎನ್ನಬೇಕು. ಮೂರನೆಯವರಿಗೆ ಡಬ್ಬಿ, ತಾಟು. ನಾಲ್ಕನೆಯವರು ಕೂಗುವವರು, ಒಬ್ಬೊಬ್ಬರಿಗೆ ಅವರವರ ದನಿಯೇ ದನಿ, ಎತ್ತರವಿದ್ದರೆ ಎತ್ತರ, ತಗ್ಗಿದ್ದರೆ ತಗ್ಗು. ಕೂಗಿನ ಸಂದಿಯಲ್ಲಿ ಎಲ್ಲರೂ ಸೇರಿ ಹೇಳಲಿಕ್ಕೆ ತಾನೇ ಒಂದು ಸಾಲು ಕಟ್ಟಿದಳು: "ಉಂಡಿದ್ದು ಸಾಕು, ಇನ್ನೇಳ್ರಿ." ಚಿಟಿಚಿಟಿ ಶುರುವಾಯಿತು, ಗಾಳಿ ಎದ್ದಿತು, ಡಬ್ಬಿ ತಾಳ ಹಿಡಿಯಿತು, ಹಂಪೇಶ ಕೂಗಿದ. ಕೂಗು ಅಂಗಳ ಸುತ್ತಿಕೊಂಡು ಹೊರಟಿತು. ಕೇಳಿದರೆ ಮೈ ಜುಂ ಎನ್ನುವ ಹಾಗಿತ್ತು.

ಎಷ್ಟು ಚೆನ್ನಾಗಿತ್ತೆಂದರೆ, ರಸ್ತೆಯಾಚೆ ತನ್ನ ಹೊಲದಲ್ಲಿ ಊಟ ಮಾಡುತ್ತಿದ್ದ ನಾಗಪ್ಪ ರೊಟ್ಟಿ ಅಲ್ಲೇ ಬಿಟ್ಟು, ಕವಣೆ ಹಿಡಿದು ಅಟ್ಟಣಿಗೆ ಹತ್ತಿ ತಾನೂ ಹೋ ಎಂದು ಕೂಗತೊಡಗಿದ. ಶಾಲೆ ಕಡೆ ಎದ್ದ ಹಿಂಡು ಇನ್ನೇನು ತನ್ನ ಜೋಳಕ್ಕೆ ಬಂತು ಎಂದುಕೊಂಡಿದ್ದ ಪುಣ್ಯಾತ್ಮ. ಆಕಾಶವೆಲ್ಲ ಹುಡುಕಿದರೂ ಒಂದು ಗುಬ್ಬಿಯೂ ಕಾಣದೆ, ಕಾಂಪೌಂಡಿನವರೆಗೆ ಬಂದು ಇಣುಕಿ, ಮಕ್ಕಳನ್ನು ಕಂಡು ಬೈದುಕೊಂಡು ಹೋದ. ಮಕ್ಕಳು ಬಿದ್ದು ಬಿದ್ದು ನಕ್ಕರು.

ಆದರೆ ಕಡೆಯ ಜಾಗದಲ್ಲಿ ಅಸ್ಮಾ ಬರೀ ತುಟಿ ಆಡಿಸಿದಳು.

ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಕೂಗು ಸುತ್ತಿಕೊಂಡು ಬಂದು ಅವಳ ಹತ್ತಿರ ಬಂದದ್ದೇ ಗುಂಡಿಗೆ ಬಿದ್ದ ಹಾಗೆ ಮಾಯವಾಗುತ್ತಿತ್ತು. ಅಲ್ಲಿ ತಾನು ನಿಲ್ಲುತ್ತೇನೆ ಎಂದು ಹಂಪೇಶ ಹೇಳಿದ, ಬೈಸಿಕೊಂಡ. ಹಾಲಸ್ವಾಮಿಯೂ ಹೊರಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನೋಡಿದ. ಇದು ಹಾಡಲ್ಲ, ಗದ್ದಲ ಎಂದ. ಕೂಡ್ಲಿಗಿಯ ದೊಡ್ಡವರ ಮುಂದೆ ಮಕ್ಕಳ ಕೈಲಿ ಹಕ್ಕಿ ಓಡಿಸಿದರೆ ತಾನು ತಲೆ ಎತ್ತಿ ತಿರುಗುವುದು ಹೇಗೆ ಎಂದ. ಕಡೆಗೆ, ಆಯಿತು, ಏನಾದರೂ ಮಾಡಿಕೊಳ್ಳಿ, ಆ ತುದಿಯಲ್ಲಾದರೂ ಬಾಯಿರುವ ಒಂದು ಮಗುವನ್ನು ನಿಲ್ಲಿಸಿ, ಮುಗಿಯದ ಹಾಡಿಗೆ ಯಾರು ಅಂಕ ಕೊಡುತ್ತಾರೆ ಎಂದ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅದಕ್ಕೇ ಕೊಟ್ರಬಸಮ್ಮನಿಗೆ ಇನ್ನಷ್ಟು ಸಿಟ್ಟು ಬಂತು.

"ಆಕಿ ಜಾಗ ಆಕಿದು ಸರ್," ಎಂದಳು. "ಕೂಗಿದ್ರ ಕೂಗ್ಲಿ, ಬಿಟ್ರ ಬಿಡ್ಲಿ. ಇನ್ನೊಬ್ರನ್ನ ಮಾತ್ರ ಅಲ್ಲಿ ನಿಂದರಸಂಗಿಲ್ಲ."

"ನಾಳೆ ಏನಾದ್ರೂ ಆದ್ರ ನನ್ನ ಕೇಳಬ್ಯಾಡ್ರಿ ಮತ್ತ," ಎಂದು ಅವನು ಒಳಗೆ ಹೋದ.

ಅವಳು ಅಸ್ಮಾಳಿಗೆ ಒತ್ತಾಯ ಮಾಡಲಿಲ್ಲ. ಪುಸಲಾಯಿಸಲೂ ಇಲ್ಲ. ಮಗಳೇ, ನಿನ್ನ ದನಿ ಕೋಗಿಲೆಯ ದನಿ ಎಂದು ಸುಳ್ಳು ಹೇಳಲು ಅವಳಿಗೆ ಬರುತ್ತಲೂ ಇರಲಿಲ್ಲ. ನಿನ್ನದು ಕಡೆಯ ಹೊಲ, ನಿನ್ನ ಸರದಿ ನಿನ್ನದೇ, ಅದನ್ನು ಯಾರೂ ಕಿತ್ತುಕೊಳ್ಳದಂತೆ ನಾನು ನೋಡಿಕೊಳ್ಳುತ್ತೇನೆ ಎಂದಷ್ಟೇ ಹೇಳಿದಳು. ಹೇಳಿದ ಮೇಲೆ, ಇಷ್ಟು ದೊಡ್ಡ ಮಾತು ಆಡಿದೆನಲ್ಲ ಎಂದು ಒಳಗೊಳಗೇ ಅಳುಕಿದಳು.

ಸ್ಪರ್ಧೆಯ ದಿನ ಕೂಡ್ಲಿಗಿಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಾಲೂಕಿನ ಹಳ್ಳಿಹಳ್ಳಿಯ ಮಕ್ಕಳು ಜಮಖಾನೆಯ ಮೇಲೆ ಸಾಲಾಗಿ ಕೂತಿದ್ದವು, ಎಣ್ಣೆ ಹಚ್ಚಿ ಬಾಚಿದ ತಲೆಗಳು, ಹೊಸ ರಿಬ್ಬನ್ನುಗಳು. ಒಂದಾದ ಮೇಲೊಂದು ಶಾಲೆ ವೇದಿಕೆ ಹತ್ತಿತು. ಮುಂದಿನವರು ಹಾಡಿದರು, ಹಿಂದಿನವರು ತುಟಿ ಆಡಿಸಿದರು. ಕೊಟ್ರಬಸಮ್ಮ ಮುಂದಿನವರನ್ನು ನೋಡಲೇ ಇಲ್ಲ. ಹಿಂದಿನ ಸಾಲಿನ ಒಂದೊಂದು ಮುಖವನ್ನೂ ನೋಡಿದಳು. ಕೆಲವು ಮಕ್ಕಳು ಹಾಡಿನ ಮಾತೇ ಗೊತ್ತಿಲ್ಲದೆ ಸುಮ್ಮನೆ ಬಾಯಿ ತೆರೆದು ಮುಚ್ಚುತ್ತಿದ್ದವು. ಅವಳಿಗೆ ಅಳು ಬಂತು, ಬೆನ್ನಿಗೇ ಸಿಟ್ಟು ಬಂತು, ಸಿಟ್ಟು ಬಂದದ್ದು ಒಳ್ಳೆಯದಾಯಿತು. ಆಗಲೇ ಬೇವಿನಹಟ್ಟಿಯ ಹೆಸರು ಕೂಗಿದರು.

ಚಿಕ್ಕವರು ವೇದಿಕೆ ಹತ್ತಿದರು. ದೊಡ್ಡವರು ಹತ್ತಲಿಲ್ಲ. ಡಬ್ಬಿ ಹಿಡಿದುಕೊಂಡು ಸಭಾಂಗಣದ ಗೋಡೆಗುಂಟ ಚದುರಿ ನಿಂತರು. ಅಸ್ಮಾ ಎಲ್ಲಕ್ಕಿಂತ ಹಿಂದೆ, ಬಾಗಿಲ ಹತ್ತಿರ ನಿಂತಳು. ಮೂರು ಜನ ತೀರ್ಪುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಟಿಚಿಟಿ ಶುರುವಾದದ್ದೇ ಕೂತವರಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಗಾಳಿ ಎದ್ದಿತು. ಡಬ್ಬಿ ಬಿತ್ತು. "ಉಂಡಿದ್ದು ಸಾಕು, ಇನ್ನೇಳ್ರಿ" ಎಂದು ಎಲ್ಲ ಮಕ್ಕಳೂ ಒಟ್ಟಿಗೆ ಹೇಳಿದಾಗ ನಗು ನಿಂತಿತು. ಹಂಪೇಶ ಕೂಗಿದ, ಗೀತಾಂಜಲಿ ಕೂಗಿದಳು, ಕೂಗು ಬಲಗೋಡೆ ಹಿಡಿದು ಹಿಂದಕ್ಕೆ ಹೊರಟಿತು. ಕೂತ ಮಕ್ಕಳ ತಲೆಗಳು ಅದರ ಜೊತೆಗೇ ತಿರುಗಿದವು, ಹಕ್ಕಿಗಳು ಎಲ್ಲಿಗೆ ಹೋದವು ಎಂದು ನೋಡುವವರ ಹಾಗೆ.

ಕೂಗು ಅಸ್ಮಾಳಿಗಿಂತ ಒಂದೇ ಜಾಗ ಈಚೆಗೆ ಬಂದಿತ್ತು. ತೀರ್ಪುಗಾರರ ಮೇಜಿನ ಗಂಟೆ ಟಣಟಣ ಎಂದಿತು.

ಮುಖ್ಯ ತೀರ್ಪುಗಾರರು ಎದ್ದು ನಿಂತು, ತಂಡದವರು ವೇದಿಕೆ ಬಿಟ್ಟು ಬೇರೆಲ್ಲೂ ನಿಲ್ಲುವಂತಿಲ್ಲ, ಮೇಲಾಗಿ ಇದು ಗಾಯನವೂ ಅಲ್ಲ, ಬೇವಿನಹಟ್ಟಿಯ ಶಾಲೆಯನ್ನು ಸ್ಪರ್ಧೆಯಿಂದ ಕೈಬಿಡಲಾಗಿದೆ, ಮುಂದಿನ ಶಾಲೆಯವರು ಬರಬೇಕು ಎಂದರು. ಡಬ್ಬಿಗಳು ಒಂದೊಂದಾಗಿ ನಿಂತವು. ವೇದಿಕೆಯ ಮೇಲಿದ್ದ ಗುಬ್ಬಿಗಳು ಟೀಚರ ಮುಖ ನೋಡಿದವು. ಹಾಲಸ್ವಾಮಿ ತಲೆ ತಗ್ಗಿಸಿಕೊಂಡು ಕೂತುಬಿಟ್ಟ.

ಕೊಟ್ರಬಸಮ್ಮ ಎದ್ದಳು. ಕೇಳಬೇಕಾದದ್ದೆಲ್ಲ ನಾಲಿಗೆ ತುದಿಯಲ್ಲೇ ಇತ್ತು. ಎಲ್ಲ ಮಕ್ಕಳೂ ದನಿ ಬಿಟ್ಟದ್ದು ಇವತ್ತು ಇದೊಂದೇ ಶಾಲೆಯಲ್ಲಿ, ಇದು ಸಾಮೂಹಿಕ ಅಲ್ಲದಿದ್ದರೆ ಇನ್ನು ಯಾವುದು ಸಾಮೂಹಿಕ ಎಂದು ಕೇಳಬೇಕಿತ್ತು. ಒಂದು ಮಗುವಿನ ಸರದಿ ಬಾಕಿ ಇದೆ ಎನ್ನಬೇಕಿತ್ತು. ಬಾಯಿ ತೆರೆದಳು. ಇಡೀ ಸಭಾಂಗಣ ಅವಳನ್ನೇ ನೋಡುತ್ತಿತ್ತು. ಹಳೆಯ ಕೈ ಬಂದು ಕತ್ತು ಹಿಸುಕಿತು. ತುಟಿ ಆಡುತ್ತಿದೆ, ದನಿ ಇಲ್ಲ. ಅಯ್ಯೋ, ಇವತ್ತೂ ಹೀಗಾಯಿತೇ ಎಂದು ಅವಳ ಎದೆ ಒಡೆದುಹೋಯಿತು. ಬಾಗಿಲ ಹತ್ತಿರ ನಿಂತಿದ್ದ ಅಸ್ಮಾ ಅದನ್ನು ನೋಡಿದಳು. ಟೀಚರ ಆ ಆಡುವ ತುಟಿಗಳನ್ನು ಅವಳಿಗಿಂತ ಚೆನ್ನಾಗಿ ಗುರುತು ಹಿಡಿಯುವವರು ಅಲ್ಲಿ ಯಾರಿದ್ದರು?

ಹೋ... ಎಂದಳು ಅಸ್ಮಾ.

ಮೈಕಿಲ್ಲದೆ ಬಂದ ಕೂಗು. ನೆಲದಿಂದ ಎದ್ದು, ತಗಡಿನ ಸೂರಿಗೆ ಬಡಿದು, ಒರಟೊರಟಾಗಿ ಇಡೀ ಸಭಾಂಗಣ ತುಂಬಿತು. ಗಂಟೆ ಹಿಡಿದವರ ಕೈ ಮೇಲೆಯೇ ನಿಂತಿತು. ಉಸಿರು ಮುಗಿಯುವವರೆಗೂ ಕೂಗಿ, ಮತ್ತೆ ಉಸಿರೆಳೆದುಕೊಂಡು ಇನ್ನೊಮ್ಮೆ ಕೂಗಿದಳು.

ಆಮೇಲೆ ನಡೆದದ್ದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಜಮಖಾನೆಯ ನಡುವೆ ಯಾವುದೋ ಊರಿನ ಹುಡುಗನೊಬ್ಬ ಮೊಣಕಾಲೂರಿ ಎದ್ದು, ಬಾಯಿಗೆ ಎರಡೂ ಕೈ ಹಿಡಿದು, ಹೋ ಎಂದ. ನಾಗಪ್ಪ ಮಾಡಿದ ತಪ್ಪನ್ನೇ ಅವನೂ ಮಾಡಿದ. ಕೂಗು ಕಿವಿಗೆ ಬಿತ್ತು, ಹಿಂಡು ತನ್ನ ಹೊಲಕ್ಕೆ ಬಂತು, ಕೂಗಿದ. ಅವನ ಪಕ್ಕದವಳು ಕೂಗಿದಳು. ಆಚೆ ಸಾಲಿನವರು ಕೂಗಿದರು. ಇಷ್ಟು ಹೊತ್ತು ಹಿಂದಿನ ಸಾಲಿನಲ್ಲಿ ನಿಂತು ಬಾಯಿ ತೆರೆದು ಮುಚ್ಚಿದ್ದ ಮಕ್ಕಳೆಲ್ಲ, ಒಡಕು ದನಿಯವರು, ಕೀರಲು ದನಿಯವರು, ಮೂಗಿನಲ್ಲಿ ಮಾತಾಡುವವರು, ಎದ್ದೆದ್ದು ಕೂಗಿದರು. ಮೇಷ್ಟ್ರುಗಳು ಶ್ ಶ್ ಎಂದು ಓಡಾಡಿದರು, ಗಂಟೆ ಟಣಟಣ ಬಡಿದುಕೊಂಡೇ ಇತ್ತು, ಒಂದೂ ಕೇಳಿಸಲಿಲ್ಲ. ಕೊಟ್ರಬಸಮ್ಮನ ಗಂಟಲು ಯಾವಾಗ ಬಿಚ್ಚಿತೋ ಅವಳಿಗೇ ಗೊತ್ತಾಗಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿರುವಂತೆಯೇ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಕ್ಕಳ ಜೊತೆ ತಾನೂ ಕೂಗುತ್ತಿದ್ದಳು.

ಷೀಲ್ಡು ಬರಲಿಲ್ಲ. ಬರುವ ವರ್ಷಗಳಲ್ಲೂ ನಿಮ್ಮ ಶಾಲೆಯನ್ನು ಕರೆಯುವುದಿಲ್ಲ ಎಂದು ಸಂಘದವರು ಹಾಲಸ್ವಾಮಿಗೆ ಎದುರಿಗೇ ಹೇಳಿ ಕಳಿಸಿದರು. ಕರೆಯದಿದ್ದರೆ ಅಷ್ಟೇ ಹೋಯಿತು ಎಂದು ಕೊಟ್ರಬಸಮ್ಮ ಹಿಂದಿನಿಂದ ಗಟ್ಟಿಯಾಗಿಯೇ ಅಂದಳು. ಗುಡೇಕೋಟೆ ಬಸ್ಸಿಗೆ ಕಾಯುತ್ತಾ ಹಾಲಸ್ವಾಮಿ ಅತ್ತಿಂದಿತ್ತ ಓಡಾಡಿದ. ಆಮೇಲೆ ತಡೆಯಲಾರದೆ ಅಸ್ಮಾಳನ್ನು ಹತ್ತಿರ ಕರೆದ. ಗಂಟೆ ಹೊಡೆದ ಮೇಲೂ ಕೂಗೆಂದು ಯಾರು ಹೇಳಿದರು ಎಂದು ಕೇಳಿದ. ನಾನೇ ಹೇಳಿದ್ದು ಎನ್ನಲು ಕೊಟ್ರಬಸಮ್ಮ ಒಂದು ಹೆಜ್ಜೆ ಮುಂದೆ ಬಂದಳು.

ಅಷ್ಟರಲ್ಲಿ ಹುಡುಗಿ ಬಾಯಿ ತೆರೆದಳು. ತುಟಿಯ ಜೊತೆಗೆ ದನಿಯೂ ಬಂತು, ಮರಳು ಮರಳಾದ ಅದೇ ದನಿ, ಬಸ್ ಸ್ಟ್ಯಾಂಡಿನ ಜನವೆಲ್ಲ ತಿರುಗಿ ನೋಡುವಷ್ಟು ದೊಡ್ಡದಾಗಿ.

"ಎಲ್ಲಾರೂ ಹಕ್ಕಿ ಎಬ್ಬಿಸಿ ನನ್ನ ಕಡಿಗೆ ಬಿಟ್ಟಿದ್ರಲ್ರಿ ಸರ್. ಟೀಚರ್ ಹೊಲದಾಗೂ ಬಂದು ಕುಂತಿದ್ವು. ನಾನೂ ಸುಮ್ಮನಿದ್ರ ಯಾರು ಓಡಸ್ಬೇಕ್ರಿ ಅವನ್ನ?"

ಬಸ್ಸು ಬಂತು, ಎಲ್ಲರೂ ಹತ್ತಿದರು.